ಬಿಟ್ಟ ಕ್ಯಾಚಿಗೆ ಕಾಲಂ ಇಲ್ಲ

‘ಕುತ್ತಿಗೆಯಲ್ಲಿ ಹೋಯ್ತು’ ಎಂದರು ಅವರು. ನಾನು ಗಾಬರಿಯಿಂದ ಅವರ ಕುತ್ತಿಗೆ ನೋಡಿದೆ. ಮಫ್ಲರ್ ಬಿಟ್ಟರೆ ಬೇರೇನೂ ಕಾಣಲಿಲ್ಲ.

ಬೆಂಗಳೂರಿನ ರೇಸ್‌ಕೋರ್ಸ್ ರಸ್ತೆಯ ಹತ್ತಿರದ ಹೋಟೆಲೊಂದರಲ್ಲಿ ನಿಂತು ಬೈಟು ಕಾಫಿ ಕುಡಿಯುತ್ತಿದ್ದೆವು. ಉದ್ದಕ್ಕೆ ಮಡಚಿದ ರೇಸ್ ಪುಸ್ತಕ ಅವರ ಕಂಕುಳಲ್ಲಿ, ಮೋಟು ಪೆನ್ಸಿಲ್ ಕಿವಿಯ ಮೇಲೆ. ಸರ್ಕಾರಿ ಕಚೇರಿಯಲ್ಲಿ ಲೆಕ್ಕ ಬರೆದು ನಿವೃತ್ತರಾದವರು. ಅದರ ಜೊತೆಜೊತೆಗೇ ನಲವತ್ತು ವರ್ಷ ಕುದುರೆಯ ಬೆನ್ನು ಹತ್ತಿದವರು. ಕುತ್ತಿಗೆ ಅವರದಲ್ಲ, ಕುದುರೆಯದು. ರೇಸಿನಲ್ಲಿ ಸೋಲನ್ನು ಅಳೆಯುವುದು ಕುದುರೆಯ ಮೈಯಿಂದಲೇ. ಮೂಗಿನಷ್ಟು, ಶಾರ್ಟ್ ಹೆಡ್ಡು, ತಲೆಯಷ್ಟು, ಕುತ್ತಿಗೆಯಷ್ಟು, ಅರ್ಧ ಮೈ, ಮುಕ್ಕಾಲು ಮೈ, ಪೂರ್ತಿ ಒಂದು ಲೆಂಗ್ತ್. ನಮ್ಮ ಹಿರಿಯರು ಗೇಣು, ಮೊಳ, ಮಾರು ಎಂದು ತಮ್ಮ ಮೈಯಿಂದ ಲೋಕವನ್ನು ಅಳೆದ ಹಾಗೆ. ಆದರೆ ಗೇಣಿನಲ್ಲಿ ಮೊಳದಲ್ಲಿ ಅಳೆಯುತ್ತಿದ್ದುದು ಇದ್ದದ್ದನ್ನು: ಬಟ್ಟೆ, ಹಗ್ಗ, ಮಲ್ಲಿಗೆ. ಇಲ್ಲಿ ಅಳೆಯುವುದು ಕೈಗೆ ಸಿಗದೆ ಹೋದದ್ದನ್ನು.

ಐದು ರೇಸಿನ ಜಾಕ್‌ಪಾಟಂತೆ. ನಾಲ್ಕು ಬಂದಿತ್ತಂತೆ. ಐದನೆಯದು 1200 ಮೀಟರಿನದು, ಒಂದೂಕಾಲು ನಿಮಿಷವೂ ಹಿಡಿಯದ ಓಟ. ಅದು ನಡೆದು ಹತ್ತೊಂಬತ್ತು ವರ್ಷವಾಗಿದೆ. ‘ಜಾಕಿ ಇನ್ನೆರಡು ಹೆಜ್ಜೆ ಮುಂಚೆ ಚಾಟಿ ಎತ್ತಿದ್ದಿದ್ರೆ...’ ಎಂದು ನಿಲ್ಲಿಸಿ, ಲೋಟದ ತಳದಲ್ಲಿದ್ದ ಕಾಫಿಯನ್ನು ಒಮ್ಮೆ ಸುತ್ತಿಸಿ ಕುಡಿದರು. ಆ ವಾಕ್ಯ ಪೂರ್ತಿಯಾಗಬೇಕಾದ ಅಗತ್ಯ ಅವರಿಗಿರಲಿಲ್ಲ.

ನನಗೂ ಇರಲಿಲ್ಲ. ನನ್ನ ಸೋದರಮಾವ ಹೀಗೇ ಮಾತಾಡುತ್ತಿದ್ದರು. ರೇಸಿನ ಸೀಸನ್ನಿನಲ್ಲಿ ಶನಿವಾರ ಭಾನುವಾರ ಅವರು ಮನೆಯಲ್ಲಿ ಸಿಕ್ಕಿದ್ದಿಲ್ಲ. ಯಾರಾದರೂ ಕೇಳಿದರೆ ಅತ್ತೆ ‘ದೇವಸ್ಥಾನಕ್ಕೆ ಹೋಗಿದಾರೆ’ ಎನ್ನುತ್ತಿದ್ದರು. ಹೇಳುವಾಗ ಮುಖದ ಒಂದು ಗೆರೆಯೂ ಅಲುಗುತ್ತಿರಲಿಲ್ಲ. ರೇಸಿಲ್ಲದ ದಿನಗಳಲ್ಲಿ ಮಾವನಿಗೆ ಕ್ರಿಕೆಟ್ಟು, ಕಿವಿಗಾನಿಸಿದ ರೇಡಿಯೊ. ಅವರು ತೀರಿಕೊಂಡು ಎಷ್ಟೋ ವರ್ಷಗಳಾದ ಮೇಲೆ, ಈ ಎರಡು ಆಟಗಳ ಸುತ್ತಲೇ ಬದುಕು ಕಟ್ಟಿಕೊಂಡವರನ್ನು ಹುಡುಕಿಕೊಂಡು ಹೋಗಿ ಮಾತಾಡಿಸುವ ಚಟ ನನಗೆ ಅಂಟಿತು. ಮಾವನ ಬಗ್ಗೆ ಏನಾದರೂ ತಿಳಿದೀತು ಎಂಬ ಆಸೆ ಒಳಗೆಲ್ಲೋ ಇದ್ದಿರಬೇಕು. ತಿಳಿದದ್ದು ಕನ್ನಡ ವ್ಯಾಕರಣ.

‘ಇದ್ದಿದ್ದರೆ’ ಎಂಬ ಪದವನ್ನು ಅಷ್ಟು ಹತ್ತಿರದಿಂದ ನಾನು ನೋಡಿರಲಿಲ್ಲ. ಗೇಟಿನಿಂದ ಚೆನ್ನಾಗಿ ಹೊರಟಿದ್ದಿದ್ರೆ. ಮಳೆ ಬರದೆ ಇದ್ದಿದ್ರೆ. ಟಾಸ್ ಗೆದ್ದಿದ್ದಿದ್ರೆ. ಆ ಎಲ್‌ಬಿ ಕೊಟ್ಟಿದ್ದಿದ್ರೆ. ಗೆದ್ದ ಕಥೆ ಕೇಳಿ ನೋಡಿ, ಎರಡು ವಾಕ್ಯದಲ್ಲಿ ಮುಗಿಸುತ್ತಾರೆ: ಇಷ್ಟು ಕಟ್ಟಿದ್ದೆ, ಇಷ್ಟು ಬಂತು. ಸೋತದ್ದಕ್ಕೆ ಮಾತ್ರ ಹವಾಮಾನವಿದೆ, ಪಾತ್ರಗಳಿವೆ, ಸಂಜೆಯ ಬಿಸಿಲು ಯಾವ ಕಡೆಯಿಂದ ಬೀಳುತ್ತಿತ್ತು ಎಂಬುದೂ ಇದೆ. ಗೆದ್ದೆತ್ತಿನ ಬಾಲ ಹಿಡಿಯುವುದು ಲೋಕರೂಢಿ. ಇವರು ಹಿಡಿದು ಕೂತಿರುವುದು ಎರಡನೆಯದಾಗಿ ಬಂದದ್ದರ ಬಾಲ.

ಈ ‘ಸ್ವಲ್ಪದರಲ್ಲಿ’ ಎನ್ನುವುದು ಆಕಸ್ಮಿಕ ಎಂದುಕೊಂಡಿದ್ದೆ. ಅದನ್ನು ತಯಾರಿಸುವವರಿದ್ದಾರೆ ಎಂದು ಹೇಳಿಕೊಟ್ಟವರು ಆ ಮಫ್ಲರಿನ ಹಿರಿಯರೇ. ಟರ್ಫ್ ಕ್ಲಬ್ಬುಗಳಲ್ಲಿ ಹ್ಯಾಂಡಿಕ್ಯಾಪರ್ ಎಂಬ ಅಧಿಕಾರಿ ಇರುತ್ತಾನೆ. ಪ್ರತಿ ಕುದುರೆಯ ಯೋಗ್ಯತೆಗೆ ಒಂದು ಅಂಕೆ ಕೊಡುವುದು ಅವನ ಕೆಲಸ. ಯೋಗ್ಯತೆ ಹೆಚ್ಚಿದಷ್ಟೂ ಬೆನ್ನ ಮೇಲೆ ತೂಕ ಹೆಚ್ಚು. ಜಾಕಿಯನ್ನು ಜೀನಿನ ಸಮೇತ ತಕ್ಕಡಿಗೆ ಏರಿಸಿ, ಕಡಿಮೆ ಬಿದ್ದಷ್ಟನ್ನು ಸೀಸದ ತುಂಡುಗಳಿಂದ ತುಂಬುತ್ತಾರೆ. ಗೆದ್ದ ಕುದುರೆಗೆ ಮುಂದಿನ ಸಲ ಇನ್ನಷ್ಟು ಸೀಸ. ಸೋಲುತ್ತಲೇ ಬಂದದ್ದಕ್ಕೆ ಹಗುರ. ಹ್ಯಾಂಡಿಕ್ಯಾಪರನ ಕನಸು ಒಂದೇ: ಎಲ್ಲ ಕುದುರೆಗಳೂ ಒಟ್ಟಿಗೇ ಗೆಲುವಿನ ಕಂಬ ದಾಟಬೇಕು. ‘ಅರ್ಧ ಟನ್ನಿನಷ್ಟು ತೂಗುವ ಪ್ರಾಣಿಗೆ ಎರಡು ಕಿಲೋ ಏನು ಮಹಾ?’ ಎಂದೆ. ‘ಆ ಎರಡು ಕಿಲೋದಲ್ಲೇ ಇರೋದು ನೋಡಿ ಕುತ್ತಿಗೆ’ ಎಂದರು.

ಮನೆಗೆ ಬಂದ ಮೇಲೂ ಆ ಸೀಸ ನನ್ನ ತಲೆಯಿಂದ ಇಳಿಯಲಿಲ್ಲ. ಇಪ್ಪತ್ತು ಮೈ ಹಿಂದೆ ಬಿದ್ದ ಕುದುರೆಗೆ ಕಟ್ಟಿದವನು ಬೈದುಕೊಂಡು ಹೋಗಿಬಿಡಬಹುದು. ಕುತ್ತಿಗೆಯಷ್ಟರಲ್ಲಿ ಸೋತವನು ಮುಂದಿನ ಶನಿವಾರ ಬಂದೇ ಬರುತ್ತಾನೆ. ಅವನು ತಾನು ಸೋತೆನೆಂದು ತಿಳಿದೇ ಇಲ್ಲ. ಬಹುತೇಕ ಗೆದ್ದೆನೆಂದು ತಿಳಿದಿದ್ದಾನೆ. ನನ್ನ ಮಾವ ಮೂವತ್ತು ವರ್ಷ ಬಹುತೇಕ ಗೆದ್ದರು.

1996ರಲ್ಲಿ, ಮದರಾಸಿನ ರೇಸಿಗೆ ಸಂಬಂಧಿಸಿದ ಪ್ರಕರಣದಲ್ಲಿ, ಕುದುರೆ ರೇಸು ಮುಖ್ಯವಾಗಿ ಕೌಶಲದ ಆಟ, ಜೂಜಲ್ಲ ಎಂದು ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಮಾವ ಆ ಸುದ್ದಿಯನ್ನು ಪೇಪರಿನಿಂದ ಕತ್ತರಿಸಿ ನಡುಮನೆಯ ಬೀರುವಿನ ಬಾಗಿಲಿಗೆ ಅಂಟಿಸಿದರು. ಅತ್ತೆ ಕನ್ನಡಕ ಹಾಕಿಕೊಂಡು ಪೂರ್ತಿ ಓದಿ, ‘ಕೌಶಲ ಕುದುರೇದೋ, ಇವರದೋ?’ ಎಂದು ಕೇಳಿ ಒಳಗೆ ಹೋದರು. ಆ ಪ್ರಶ್ನೆಯನ್ನು ನಾನು ಈಚೆಗೆ ಹಿರಿಯರ ಮುಂದಿಟ್ಟೆ. ಅವರು ಉತ್ತರಿಸಲಿಲ್ಲ. ಅವರ ಸಿಟ್ಟೆಲ್ಲ ತೆರಿಗೆಯ ಮೇಲೆ. 2023ರ ಅಕ್ಟೋಬರಿನಿಂದ ಕಟ್ಟಿದ ಪೂರ್ತಿ ಹಣದ ಮೇಲೆ ಶೇ. 28 ಜಿಎಸ್‌ಟಿ ಬಿತ್ತು. 2025ರ ಸೆಪ್ಟೆಂಬರಿನಲ್ಲಿ ಅದು 40ಕ್ಕೆ ಏರಿತು. ‘ಕೌಶಲ ಅಂತ ಒಬ್ರು ಹೇಳ್ತಾರೆ, ಪಾಪ ಅಂತ ಇನ್ನೊಬ್ರು ತೆರಿಗೆ ಹಾಕ್ತಾರೆ’ ಎಂದರು. ನ್ಯಾಯವಾದ ಮಾತು ಅನ್ನಿಸಿತು, ಅತ್ತೆಯದು ಅದಕ್ಕಿಂತ ನ್ಯಾಯವಾದದ್ದು ಎಂದೂ ಅನ್ನಿಸಿತು.

ಹಿರಿಯರಿಗೆ ಪ್ರಿಯವಾದ ಕಥೆ ಒಂದಿದೆ. ರೇಸು ಮತ್ತು ಕ್ರಿಕೆಟ್ಟು ಒಂದೇ ಎಸೆತದಲ್ಲಿ ಕೂಡಿಕೊಂಡ ಕಥೆ. 1971ರ ಇಂಗ್ಲೆಂಡಿನಲ್ಲಿ ಮಿಲ್ ರೀಫ್ ಎಂಬ, ಗಾತ್ರದಲ್ಲಿ ಸಣ್ಣ ಕುದುರೆ ಡರ್ಬಿ ಗೆದ್ದಿತ್ತು. ಆ ಬೇಸಿಗೆಯಲ್ಲೇ ಅಲ್ಲಿ ಆಡುತ್ತಿದ್ದ ನಮ್ಮ ತಂಡದವರು ಮೈಸೂರಿನ ಬಿ. ಎಸ್. ಚಂದ್ರಶೇಖರ್ ಅವರ ವೇಗದ ಎಸೆತಕ್ಕೆ ಆ ಕುದುರೆಯ ಹೆಸರಿಟ್ಟರು. ಆಗಸ್ಟ್‌ನಲ್ಲಿ ಓವಲ್ ಟೆಸ್ಟು. ಚಂದ್ರ ಗೂಗ್ಲಿ ಹಾಕಲು ಹೊರಟಿದ್ದರು; ದಿಲೀಪ್ ಸರ್ದೇಸಾಯಿ ದೂರದಿಂದ ಕೂಗಿ, ಇವನಿಗೆ ಮಿಲ್ ರೀಫ್ ಹಾಕು ಎಂದರಂತೆ. ಜಾನ್ ಎಡ್ರಿಚ್ ಬ್ಯಾಟು ಇಳಿಸುವುದರೊಳಗೆ ಸ್ಟಂಪು ಹೋಗಿತ್ತು. ಇಂಗ್ಲೆಂಡ್ 101ಕ್ಕೆ ಆಲೌಟು, ಚಂದ್ರನಿಗೆ 38ಕ್ಕೆ 6. ಇಂಗ್ಲೆಂಡಿನ ನೆಲದಲ್ಲಿ ನಮ್ಮ ಮೊದಲ ಟೆಸ್ಟ್ ಗೆಲುವು, ಮೊದಲ ಸರಣಿ ಗೆಲುವು.

ಇದನ್ನು ಹೇಳುವಾಗ ಅವರು ತಮ್ಮ ಬಲಗೈಯನ್ನು ಎಡಗೈಯಲ್ಲಿ ಹಿಡಿದು ತೋರಿಸುತ್ತಾರೆ. ಬಾಲ್ಯದಲ್ಲಿ ಪೋಲಿಯೊ ಬಂದು ಚಂದ್ರನ ಬಲಗೈ ಸೊರಗಿತ್ತು. ಚೆಂಡನ್ನು ಕೀಪರಿಗೆ ಎಸೆಯುತ್ತಿದ್ದುದು ಎಡಗೈಯಲ್ಲಿ, ಬೌಲ್ ಮಾಡುತ್ತಿದ್ದುದು ಆ ಸೊರಗಿದ ಬಲಗೈಯಲ್ಲೇ. ಟೆಸ್ಟಿನಲ್ಲಿ 242 ವಿಕೆಟ್. ‘ದೇವರು ಹಾಕಿದ ಹ್ಯಾಂಡಿಕ್ಯಾಪ್ ನೋಡಿ. ಸೀಸ ತೆಗೆದು ಕೈಗೇ ಹಾಕ್ಬಿಟ್ಟ’ ಎನ್ನುತ್ತಾರೆ. ಮಿಲ್ ರೀಫ್ ಮರುವರ್ಷ ಅಭ್ಯಾಸದ ಓಟದಲ್ಲಿ ಮುಂಗಾಲು ಮುರಿದುಕೊಂಡಿತು. ರೇಸಿನ ಕುದುರೆಗೆ ಕಾಲು ಮುರಿದರೆ ಸಾಮಾನ್ಯವಾಗಿ ಅಲ್ಲಿಗೆ ಮುಗಿಯಿತು. ಅದಕ್ಕೆ ಶಸ್ತ್ರಚಿಕಿತ್ಸೆ ಮಾಡಿ ಉಳಿಸಿದರು. ಮತ್ತೆ ಓಡಲಿಲ್ಲ, ಬದುಕಿತು, ಅದರ ಮರಿಯೊಂದು 1978ರ ಡರ್ಬಿ ಗೆದ್ದಿತು.

ನಾನು ಕೇಳಿದೆ: ‘ಸರ್ದೇಸಾಯಿ ಆವತ್ತು ಬಾಯಿ ಬಿಡದೆ ಇದ್ದಿದ್ರೆ?’ ಅವರು ನನ್ನನ್ನು ಅಪಶಕುನ ನುಡಿದವನಂತೆ ನೋಡಿದರು. ಆಗ ಹೊಳೆಯಿತು. ಗೆಲುವಿನ ಬೆನ್ನಿಗೂ ಅಷ್ಟೇ ‘ಇದ್ದಿದ್ದರೆ’ಗಳು ಅಂಟಿರುತ್ತವೆ. ಅವನ್ನು ಎಣಿಸುವ ರೂಢಿಯಿಲ್ಲ. 1974ರಲ್ಲಿ ಬೆಂಗಳೂರಿನಲ್ಲಿ ಕರ್ನಾಟಕ ರಣಜಿ ಸೆಮಿಫೈನಲ್ಲಿನಲ್ಲಿ ಬಾಂಬೆಯನ್ನು ಕೆಡವಿತು. ಸತತ ಹದಿನೈದು ವರ್ಷ ಗೆದ್ದಿದ್ದ ತಂಡ ಅದು. ಪ್ರಸನ್ನರ ಚೆಂಡಿಗೆ ಗವಾಸ್ಕರ್ ಬೌಲ್ಡ್ ಆದದ್ದನ್ನು ನಮ್ಮ ಹಿರಿಯರು ಇವತ್ತಿಗೂ ಕೈ ತಿರುಗಿಸಿ ತೋರಿಸುತ್ತಾರೆ. ಅದೇ ಇನಿಂಗ್ಸಿನಲ್ಲಿ ಚೆನ್ನಾಗಿ ಆಡುತ್ತಿದ್ದ ಅಜಿತ್ ವಾಡೇಕರ್ ಕಾಲು ಜಾರಿ ರನೌಟ್ ಆದರು. ವಾಡೇಕರ್ ಜಾರದೆ ಇದ್ದಿದ್ದರೆ ಎಂಬ ವಾಕ್ಯ ಬೇಕಾದರೆ ಮುಂಬೈಗೇ ಹೋಗಬೇಕು. ನಮ್ಮಲ್ಲಿ ಅದನ್ನು ಯಾರೂ ಇಟ್ಟುಕೊಂಡಿಲ್ಲ.

ಇಂಥವರ ಜೊತೆ ಒಂದು ವರ್ಷ ಕಳೆದಿದ್ದವನಿಗೆ ಒಬ್ಬ ಕ್ರಿಕೆಟ್ ಸ್ಕೋರರ್ ಸಿಕ್ಕಾಗ ಬೇರೆ ದೇಶಕ್ಕೆ ಬಂದಂತಾಯಿತು. ಲೀಗ್ ಪಂದ್ಯಗಳ ಮೈದಾನ, ಬೌಂಡರಿ ಗೆರೆಯಾಚೆ ಒಂದು ಶಾಮಿಯಾನ, ಪ್ಲಾಸ್ಟಿಕ್ ಕುರ್ಚಿ, ಮೇಜಿನ ಮೇಲೆ ನಾಲ್ಕೈದು ಬಣ್ಣದ ಪೆನ್ನು. ಅಂಪೈರ್ ಸನ್ನೆ ಮಾಡಿದಾಗ ಕೈ ಎತ್ತಿ, ನೋಡಿದೆ ಎಂದು ತೋರಿಸುತ್ತಿದ್ದರು. ಅಷ್ಟು ಬಿಟ್ಟರೆ ತಲೆ ಎತ್ತುತ್ತಿದ್ದುದು ಚೆಂಡಿಗೊಮ್ಮೆ ಮಾತ್ರ. ರನ್ ಬರದ ಎಸೆತಕ್ಕೆ ಒಂದು ಚುಕ್ಕೆ. ಆರೂ ಚುಕ್ಕೆಯಾದರೆ ಅವನ್ನು ಗೆರೆಯಿಂದ ಕೂಡಿಸಿ ಇಂಗ್ಲಿಷಿನ ಎಮ್ ಮಾಡುತ್ತಾರೆ, ಮೇಡನ್ ಎಂದು. ಅದೇ ಓವರಿನಲ್ಲಿ ವಿಕೆಟ್ಟೂ ಬಿದ್ದಿದ್ದರೆ ಕೂಡಿಸುವ ರೀತಿ ಬೇರೆ, ಡಬ್ಲ್ಯೂ ಆಗುತ್ತದೆ. ರಂಗೋಲಿಯ ಲೆಕ್ಕವೇ.

ಸ್ಲಿಪ್ಪಿನಲ್ಲಿ ಒಬ್ಬ ಹುಡುಗ ಸಲೀಸಾದ ಕ್ಯಾಚು ಬಿಟ್ಟ. ಶಾಮಿಯಾನದಡಿ ಕೂತಿದ್ದವರೆಲ್ಲ ‘ಅಯ್ಯೋ’ ಎಂದರು. ಸ್ಕೋರರ್ ಚುಕ್ಕೆ ಇಟ್ಟರು.

‘ಬಿಟ್ಟ ಕ್ಯಾಚನ್ನ ಎಲ್ಲಿ ಬರೀತೀರಿ?’ ಎಂದೆ.

‘ಅದಕ್ಕೆ ಕಾಲಂ ಇಲ್ಲ ಸಾರ್.’

‘ಆಡ್ತಿರೋನು ಇನ್ನು ಮುಂದೆ ನೂರು ಹೊಡೆದರೆ?’

‘ನೂರು ಅಂತ ಬರೀತೀನಿ.’

ಅವರ ಬಲಗೈಯ ಎರಡು ಬೆರಳು ಸೊಟ್ಟಗಿದ್ದವು. ವಿಕೆಟ್‌ಕೀಪರುಗಳ ಬೆರಳು ಹಾಗಿರುತ್ತವೆ. ಕೇಳಿದೆ. ‘ಆಡ್ತಿದ್ದೆ’ ಎಂದರು. ಊಟದ ವಿರಾಮದಲ್ಲಿ ಬೇರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು, ಇವರು ಎಂಥ ಕೀಪರ್ ಆಗಿದ್ದರು, ಯಾವ ವರ್ಷ ಯಾರ ಬದಲು ರಾಜ್ಯ ತಂಡಕ್ಕೆ ಹೋಗಬೇಕಿತ್ತು, ಏನೇನು ಆಗಿದ್ದಿದ್ದರೆ ಏನೇನಾಗುತ್ತಿತ್ತು ಎಂದು ಕಾಲು ಗಂಟೆ ಹೇಳಿದರು. ಅಷ್ಟು ಹೊತ್ತೂ ಸ್ಕೋರರ್ ನಮ್ಮ ಕಡೆ ಬೆನ್ನು ಹಾಕಿ ಚಿತ್ರಾನ್ನದಿಂದ ಮೆಣಸಿನಕಾಯಿ ಆರಿಸಿ ಬದಿಗಿಡುತ್ತಿದ್ದರು.

ರೇಸ್ ಪುಸ್ತಕ ‘ಇದ್ದಿದ್ದರೆ’ಗಳ ಪುಸ್ತಕ. ಕಳೆದ ಓಟದಲ್ಲಿ ಎಷ್ಟರಲ್ಲಿ ಸೋತಿತು, ಬೆನ್ನ ಮೇಲೆ ಎಷ್ಟು ತೂಕವಿತ್ತು, ಯಾರ ಹಿಂದೆ ಬಂತು, ಎಲ್ಲವೂ ಅಚ್ಚಾಗಿರುತ್ತದೆ. ಸ್ಕೋರ್ ಪುಸ್ತಕದಲ್ಲಿ ಆದದ್ದು ಮಾತ್ರ. ಈ ವ್ಯತ್ಯಾಸವನ್ನು ಕಂಡುಹಿಡಿದೆನೆಂದು ಸ್ವಲ್ಪ ದಿನ ಬೀಗಿದ್ದೆ. ಅಷ್ಟರಲ್ಲಿ, ಊಟ ತಂದುಕೊಡುವ ಆ್ಯಪಿನ ಕೆಲಸ ಮಾಡುವ ಹುಡುಗನೊಬ್ಬ ಅದನ್ನು ಕೆಡಿಸಿದ. ಅವನ ಕ್ರಿಕೆಟ್ಟು ಬೇರೆ. ಟೀವಿಯಲ್ಲಿ ಚೆಂಡು ಚೆಂಡಿಗೂ ಗೆಲುವಿನ ಶೇಕಡಾವಾರು ಮೂಡುತ್ತದೆ, ಬಿಟ್ಟ ಕ್ಯಾಚುಗಳಿಗೂ ಪಟ್ಟಿಯಿದೆ. ಅವನ ಫೋನಿನಲ್ಲಿದ್ದ ಆಟದಲ್ಲಿ ನೂರು ಕ್ರೆಡಿಟ್ಟಿನೊಳಗೆ ಹನ್ನೊಂದು ಜನರನ್ನು ಆರಿಸಬೇಕು. ಒಳ್ಳೆಯ ಆಟಗಾರನಿಗೆ ಹೆಚ್ಚು ಕ್ರೆಡಿಟ್ಟು. ನೋಡಿದರೆ ಅದೇ ಹ್ಯಾಂಡಿಕ್ಯಾಪರನ ಸೀಸ. 2025ರ ಆಗಸ್ಟಿನಲ್ಲಿ ಸಂಸತ್ತು ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆ ತಂದಿತು. ಒಳ್ಳೆಯದಾಯಿತಲ್ಲ ಎಂದೆ. ‘ಬ್ಯಾನ್ ಆಗದೆ ಇದ್ದಿದ್ರೆ ಈ ಸೀಸನ್ ಎಲ್ಲಾ ವಾಪಸ್ ಎತ್ತಿಬಿಡ್ತಿದ್ದೆ ಅಣ್ಣ’ ಎಂದ. ವಯಸ್ಸು ಇಪ್ಪತ್ತಮೂರು. ಮಾತು ಮಾವನದು.

ಇವರನ್ನು ನೋಡಿ ನಗುವುದು ಸುಲಭ. ಮಾವನನ್ನು ನೋಡಿ ನಮ್ಮ ಮನೆಯವರೆಲ್ಲ ನಕ್ಕಿದ್ದೇವೆ. ಆದರೆ ಆ ಮನೆಯ ಹಬ್ಬದೂಟಗಳನ್ನು ಈಗ ನೆನೆಸಿಕೊಂಡರೆ ಬೇರೆಯೇ ಕೇಳಿಸುತ್ತದೆ. ಒಂದು ರೂಪಾಯಿಯನ್ನೂ ಕುದುರೆಗೆ ಕಟ್ಟದ ನಮ್ಮ ದೊಡ್ಡಪ್ಪ: ‘ಜಯನಗರದಲ್ಲಿ ಆವತ್ತು ಆ ಸೈಟು ಬರೀ ಮೂವತ್ತು ಸಾವಿರ. ತಗೊಂಡಿದ್ದಿದ್ರೆ!’ ಚಿಕ್ಕಪ್ಪ: ‘ಕಂಪ್ಯೂಟರ್ ಕಂಪನಿ ಷೇರು ಕೊಡ್ತೀನಿ ಅಂದಿದ್ದ ಆ ಪುಣ್ಯಾತ್ಮ. ಇಸ್ಕೊಂಡಿದ್ದಿದ್ರೆ!’ ಬೆಂಗಳೂರಿನಲ್ಲಿ ಒಂದು ತಲೆಮಾರಿನ ಮಧ್ಯಮವರ್ಗ ಕೊಳ್ಳದೆ ಬಿಟ್ಟ ಸೈಟುಗಳ ಸಾಲಿನಲ್ಲೇ ಬಾಳುತ್ತಿದೆ. ಪ್ರತಿ ಮನೆಯವರಿಗೂ ಕಣ್ಣಿಗೆ ಕಾಣದ ಮೂವತ್ತು-ನಲವತ್ತರ ಒಂದು ಮೂಲೆ ಸೈಟು ಇದೆ. ಅದರ ಬೆಲೆ ವರ್ಷದಿಂದ ವರ್ಷಕ್ಕೆ ಏರುತ್ತಲೂ ಇದೆ. ಮಾವ ರೇಸಿಗಾಗಿ ನಿಜವಾಗಿ ಒಂದು ಸೈಟು ಮಾರಿದರು. ‘ಆ ಸೈಟು ಇದ್ದಿದ್ರೆ ಇವತ್ತು ಎಷ್ಟು ಕೋಟಿ ಗೊತ್ತಾ’ ಎಂದು ಅವರ ಹೆಣದ ಪಕ್ಕದಲ್ಲೂ ಯಾರೋ ಲೆಕ್ಕ ಹಾಕಿದರು. ಹಾಕಿದವನು ನಾನೇ ಇರಬೇಕು ಎಂಬ ಅನುಮಾನ ನನಗಿದೆ. ಅತ್ತೆ ಮಾತ್ರ ಆ ಪದ ಬಳಸಿದ್ದನ್ನು ನಾನು ಕೇಳಿಲ್ಲ. ಅವರಲ್ಲಿ ಒಂದು ನೋಟ್‌ಬುಕ್ ಇತ್ತು: ಹಾಲು, ಸೀಮೆಎಣ್ಣೆ, ಸ್ಕೂಲ್ ಫೀಸು, ಚೀಟಿ ಕಂತು. ಭಾನುವಾರದ ಸಾಲುಗಳಲ್ಲಿ ಆಗಾಗ ‘ದೇವಸ್ಥಾನ’ ಎಂದಿರುತ್ತಿತ್ತು, ಎದುರಿಗೆ ಮೊತ್ತ.

ನಳನ ಕಥೆ ನಮಗೆ ಮಹಾಭಾರತದಿಂದಲೂ ಗೊತ್ತು, ಕನಕದಾಸರ ‘ನಳಚರಿತ್ರೆ’ಯಿಂದಲೂ ಗೊತ್ತು. ಜೂಜಿನಲ್ಲಿ ರಾಜ್ಯ ಕಳೆದುಕೊಂಡವನು ಕುದುರೆಯ ಮನಸ್ಸು ಬಲ್ಲವನೂ ಆಗಿದ್ದ ಎಂಬುದನ್ನು ನಾನು ಈ ವರ್ಷಗಳಲ್ಲಿ ಮಾತ್ರ ಗಮನಿಸಿದೆ. ಬಾಹುಕನೆಂಬ ಹೆಸರಿನಲ್ಲಿ ಅವನು ಋತುಪರ್ಣನ ರಥ ಓಡಿಸುತ್ತಿದ್ದಾಗ ರಾಜನ ಉತ್ತರೀಯ ಜಾರಿ ಬೀಳುತ್ತದೆ. ನಿಲ್ಲಿಸು, ತರಿಸೋಣ ಎನ್ನುತ್ತಾನೆ ರಾಜ. ಅದು ಆಗಲೇ ಯೋಜನ ಹಿಂದಾಯಿತು, ಸಿಗುವುದಿಲ್ಲ ಎನ್ನುತ್ತಾನೆ ನಳ. ಕುದುರೆ ಬಲ್ಲವನ ಉತ್ತರ ಅದು. ಆಮೇಲೆ ದಾರಿಬದಿಯ ತಾರೆಯ ಮರ ಬರುತ್ತದೆ. ಹಿಂದೆ ಜೂಜಿನ ದಾಳಗಳಾಗಿ ಆ ಮರದ ಕಾಯಿಗಳನ್ನೇ ಬಳಸುತ್ತಿದ್ದರು. ರಥದಲ್ಲಿ ಕೂತೇ ಋತುಪರ್ಣ ಎಲೆ, ಕಾಯಿ ಎಣಿಸಿ ಹೇಳುತ್ತಾನೆ. ಮರದ ಮೇಲಿರುವುದೆಷ್ಟು, ಕೆಳಗೆ ಬಿದ್ದದ್ದೆಷ್ಟು. ನಳ ನಂಬದೆ ಇಳಿದು ಎಣಿಸಿ ನೋಡುತ್ತಾನೆ, ಸರಿಯಾಗಿರುತ್ತದೆ. ಒಬ್ಬರ ವಿದ್ಯೆ ಇನ್ನೊಬ್ಬರಿಗೆ. ಜೂಜಿನ ಗುಟ್ಟಾದ ಅಕ್ಷಹೃದಯ ಒಳಗೆ ಬಂದ ಕೂಡಲೇ ನಳನ ಮೈ ಹೊಕ್ಕಿದ್ದ ಕಲಿ ಹೊರಗೆ ಬೀಳುತ್ತಾನೆ.

ಜೂಜಿನ ಗುಟ್ಟೆಂದರೆ ಮುಂದೆ ಏನು ಬೀಳುತ್ತದೆಂದು ಹೇಳುವ ವಿದ್ಯೆ ಎಂದು ಚಿಕ್ಕಂದಿನಲ್ಲಿ ಅಂದುಕೊಂಡಿದ್ದೆ. ಕಥೆಯಲ್ಲಿರುವುದು ಬರೀ ಎಣಿಕೆ. ಬಿದ್ದದ್ದನ್ನು ಬಿದ್ದದ್ದೆಂದೇ ಎಣಿಸುವ ಎಣಿಕೆ. ಆ ಸ್ಕೋರರ್ ಮಾಡುತ್ತಿದ್ದುದು, ಅತ್ತೆ ಮಾಡುತ್ತಿದ್ದುದು ಅದನ್ನೇ. ಹಿರಿಯರ ರೇಸ್ ಪುಸ್ತಕದಲ್ಲಿ ಅಂಕೆಗಳಿಗೆ ಕೊರತೆಯಿಲ್ಲ. ಆದರೆ ಅವರು ಹತ್ತೊಂಬತ್ತು ವರ್ಷದಿಂದ ಉತ್ತರೀಯ ಹುಡುಕಲು ರಥ ತಿರುಗಿಸುತ್ತಲೇ ಇದ್ದಾರೆ.

ಪರಿಚಯದ ಪಶುವೈದ್ಯರೊಬ್ಬರ ಜೊತೆ ಒಂದು ನಸುಕಿನಲ್ಲಿ ರೇಸ್ ಕುದುರೆಗಳ ಲಾಯಕ್ಕೆ ಹೋದೆ. ಕುದುರೆ ನೋಡಿಕೊಳ್ಳುವ ಸೈಸ್‌ಗಳ ದಿನ ನಾಲ್ಕೂವರೆಗೇ ಶುರುವಾಗುತ್ತದೆ. ಜವೆ, ಓಟ್ಸು, ಕುದುರೆ ಮಸಾಲೆ ಸೊಪ್ಪು, ಒದ್ದೆ ಹುಲ್ಲು, ಲದ್ದಿ, ಎಲ್ಲ ಸೇರಿದ ವಾಸನೆ. ನಾನು ಮಾತಾಡಿದವನು ಎರಡು ಕುದುರೆಗಳನ್ನು ನೋಡಿಕೊಳ್ಳುತ್ತಿದ್ದ. ತಂದೆಯೂ ಇದೇ ಕೆಲಸದಲ್ಲಿದ್ದರಂತೆ. ಅದರಲ್ಲೊಂದು ಹಿಂದಿನ ದಿನವಷ್ಟೇ ಓಡಿ ಎರಡನೆಯದಾಗಿ ಬಂದಿತ್ತು. ಪಕ್ಕದಿಂದ ನೋಡಿದರೆ ರೇಸ್ ಕುದುರೆ ಚಿತ್ರಗಳಲ್ಲಿರುವಂತೆ ಹೊಳೆಯುವುದಿಲ್ಲ. ಚರ್ಮದಡಿಯಲ್ಲಿ ನರಗಳು ಮಳೆನೀರಿನ ಗೆರೆಗಳ ಹಾಗೆ ಕಾಣುತ್ತವೆ.

‘ನೀವು ಕಟ್ತೀರಾ?’ ಎಂದೆ. ನಕ್ಕ. ‘ಇದರ ಮೇಲೆ ಹೇಗೆ ಕಟ್ಟಲಿ ಸಾರ್, ಇದು ನನ್ನ ಮೇಲೆ ಕಟ್ಟಿದೆ’ ಎಂದ. ಚೆನ್ನಾಗಿ ಹೇಳಿದ ಅನ್ನಿಸಿತು. ಬಹುಶಃ ನನ್ನಂಥವರಿಗೆ ಹಿಂದೆಯೂ ಹೇಳಿದ್ದ.

ಆಮೇಲೆ ನನ್ನ ಬಾಯಿಂದಲೂ ಬಂದೇ ಬಂತು. ‘ನಿನ್ನೆ ಇನ್ನೊಂದಿಪ್ಪತ್ತು ಮೀಟರ್ ಇದ್ದಿದ್ರೆ ಇದೇ ಗೆಲ್ತಿತ್ತು, ಅಲ್ವಾ?’

‘ಇರಲಿಲ್ಲವಲ್ಲ ಸಾರ್.’

ಅವನು ಕುಕ್ಕರಗಾಲಲ್ಲಿ ಕೂತು ಕುದುರೆಯ ಮುಂಗಾಲನ್ನು ಮಂಡಿಯಿಂದ ಗೊರಸಿನವರೆಗೆ ಅಂಗೈಯಿಂದ ನೇವರಿಸಿಕೊಂಡು ಬಂದ. ಒಮ್ಮೆ ಬಲ, ಒಮ್ಮೆ ಎಡ, ಮತ್ತೆ ಬಲ. ಕಣ್ಣು ಮುಚ್ಚಿದ್ದ. ಓಟದ ಮರುದಿನ ಮೊದಲು ನೋಡುವುದು ಇದನ್ನೇ ಎಂದು ವೈದ್ಯರು ಹೇಳಿದರು: ಕಾಲಿನಲ್ಲಿ ಕಾವು ಇದೆಯೇ ಎಂದು. ‘ಬಲಗಡೆ ಸ್ವಲ್ಪ ಬಿಸಿ’ ಎಂದ ಅವನು. ವೈದ್ಯರೂ ಮುಟ್ಟಿ ಹೌದೆಂದರು. ನಾನೂ ನೋಡಲೇ ಎಂದೆ. ಅವನು ನನ್ನ ಮಣಿಕಟ್ಟು ಹಿಡಿದು ಅಂಗೈಯನ್ನು ಮೊದಲು ಎಡಗಾಲಿಗೆ, ಆಮೇಲೆ ಬಲಗಾಲಿಗೆ ಒತ್ತಿದ. ‘ಗೊತ್ತಾಯ್ತಾ?’

ಎರಡೂ ನನಗೆ ಒಂದೇ ಥರ ಇದ್ದವು.